ಹಳೆಯ ಕಾರಿನ ಖರೀದಿ: ಹಣ ಕೊಡುವ ಮೊದಲೇ ಪರೀಕ್ಷೆ

ಚಿನ್ನವನ್ನು ಒರೆಗಲ್ಲಿಗೆ ಹಚ್ಚದೆ ಕೊಳ್ಳಬಾರದೆಂಬುದು ಗಣಿಯ ಊರಿನವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಆದರೆ ಅದೇ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯಲ್ಲಿ ಮೂರು ನಾಲ್ಕು ಲಕ್ಷ ರೂಪಾಯಿ ಬೆಲೆಯ ಹಳೆಯ ಕಾರನ್ನು ಸಂಜೆಯ ಬೆಳಕಿನಲ್ಲಿ ಒಂದು ಸುತ್ತು ಓಡಿಸಿ ನೋಡಿ, ಪರಿಚಯಸ್ಥರ ಮಾತಿನ ಮೇಲೆ ಮುಂಗಡ ಕೊಟ್ಟು ಬರುವುದು ಅಪರೂಪವೇನಲ್ಲ. ಅಂಗಡಿಗೆ ಸರಕು ಕೊಳ್ಳುವಾಗ ಚೀಲ ಬಿಚ್ಚಿ ಕೈಗೆ ಹಾಕಿಕೊಂಡು ನೋಡುವ ವರ್ತಕರು ಕಾರಿನ ವಿಷಯದಲ್ಲಿ ಅಷ್ಟು ಎಚ್ಚರ ವಹಿಸುವುದಿಲ್ಲ. ಖಾಸಗಿ ವ್ಯಕ್ತಿಯಿಂದ ಕಾರು ಕೊಂಡ ನಂತರ ದೋಷ ಕಂಡುಬಂದರೆ ಅದಕ್ಕೆ ಸಿಗಬಹುದಾದ ಪರಿಹಾರ ಬಹಳ ಕಡಿಮೆ. ಆದ್ದರಿಂದ ಖರೀದಿಗೆ ಮೊದಲು ಮಾಡಿಸುವ ಪರೀಕ್ಷೆಯೇ ಕೊಳ್ಳುವವರಿಗೆ ಇರುವ ಮುಖ್ಯ ರಕ್ಷಣೆ.

ಸ್ಥಳೀಯ ಮಾರುಕಟ್ಟೆಯ ಸ್ವರೂಪ

ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ ಕೊನೆಯಲ್ಲಿ ಮುಚ್ಚಿದ ಬಳಿಕ ಈ ಭಾಗದ ದುಡಿಯುವ ಜನರಲ್ಲಿ ದೊಡ್ಡ ಪಾಲು ಬೆಂಗಳೂರಿನತ್ತ ಮುಖ ಮಾಡಿತು. ಮಾರಿಕುಪ್ಪಂ ಮತ್ತು ಬಂಗಾರಪೇಟೆಯಿಂದ ಹೊರಡುವ ರೈಲುಗಳು ಇಂದಿಗೂ ಬೆಳಗಿನ ಹೊತ್ತು ತುಂಬಿ ಹೋಗುತ್ತವೆ. ಇದರಿಂದಾಗಿ ಇಲ್ಲಿನ ಹಳೆಯ ಕಾರಿನ ಮಾರುಕಟ್ಟೆಗೆ ಎರಡು ಬಗೆಯ ವಾಹನಗಳು ಬರುತ್ತವೆ. ಮೊದಲನೆಯದು, ಯಜಮಾನರು ರೈಲಿನಲ್ಲಿ ಓಡಾಡುವುದರಿಂದ ವಾರಕ್ಕೊಮ್ಮೆ ಮಾತ್ರ ಹೊರಗೆ ಬರುವ ಕಾರು. ಎರಡನೆಯದು, ಬೆಂಗಳೂರಿನಲ್ಲಿ ಹಗಲಿರುಳು ಓಡಿ ದಣಿದ ಮೇಲೆ ತಾಲ್ಲೂಕು ಕೇಂದ್ರಗಳಿಗೆ ಮಾರಾಟಕ್ಕೆ ಬರುವ ಕಾರು. ಹೊರಗಿನಿಂದ ತೊಳೆದು ಪಾಲಿಶ್ ಮಾಡಿ ನಿಲ್ಲಿಸಿದರೆ ಇವೆರಡಕ್ಕೂ ಇರುವ ವ್ಯತ್ಯಾಸ ಸುಲಭವಾಗಿ ತಿಳಿಯದು.

ಪ್ರದೇಶದ ಇನ್ನೊಂದು ವಿಶೇಷವೆಂದರೆ ಗಡಿ. ಆಂಧ್ರದ ಕುಪ್ಪಂ, ವಿ. ಕೋಟ, ತಮಿಳುನಾಡಿನ ಕೃಷ್ಣಗಿರಿ ಇಲ್ಲಿಗೆ ಹತ್ತಿರದ ಊರುಗಳು. ಕೆ.ಜಿ.ಎಫ್.ನ ಕೆಎ-08, ಕೋಲಾರದ ಕೆಎ-07 ಸಂಖ್ಯೆಗಳ ಜೊತೆಗೆ ಟಿ.ಎನ್. ಮತ್ತು ಎ.ಪಿ. ಫಲಕದ ಕಾರುಗಳೂ ಇಲ್ಲಿ ಕೈ ಬದಲಾಗುತ್ತವೆ. ಆಂಧ್ರದಲ್ಲಿ 2019ರಿಂದ ಇಡೀ ರಾಜ್ಯಕ್ಕೆ ಎಪಿ-39 ಎಂಬ ಒಂದೇ ಸಂಕೇತ ಜಾರಿಗೆ ಬಂದುದರಿಂದ ಕಾರು ಯಾವ ಜಿಲ್ಲೆಯದೆಂದು ಫಲಕ ನೋಡಿ ಹೇಳಲಾಗದು. ಗಡಿಯಾಚೆಯ ಕಾರು ಅಗ್ಗವಾಗಿ ಕಾಣುವುದಕ್ಕೆ ತೆರಿಗೆಯ ಕಾರಣವೂ ಇರುವುದನ್ನು ಮುಂದೆ ನೋಡಬಹುದು.

ಕಾನೂನು ಏನು ಹೇಳುತ್ತದೆ

ಅಧಿಕೃತ ಮಾರಾಟಗಾರರಿಂದ ಕೊಂಡ ವಸ್ತುವಿನಲ್ಲಿ ದೋಷ ಕಂಡರೆ ಗ್ರಾಹಕರ ಆಯೋಗಕ್ಕೆ ಹೋಗಬಹುದೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ತನ್ನ ಸ್ವಂತ ಕಾರನ್ನು ಒಮ್ಮೆ ಮಾರುವ ಖಾಸಗಿ ವ್ಯಕ್ತಿ ವ್ಯಾಪಾರಿಯಲ್ಲ. ಮೇಲಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರು ಗ್ರಾಹಕರೆಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವವರಿಗೆ ಮಾತ್ರ ಇದರಲ್ಲಿ ವಿನಾಯಿತಿ ಇದೆ. ಹೀಗಾಗಿ ಅಂಗಡಿಯ ಅಥವಾ ಕಾರ್ಖಾನೆಯ ಕೆಲಸಕ್ಕೆಂದು ಖಾಸಗಿ ವ್ಯಕ್ತಿಯಿಂದ ಕಾರು ಕೊಳ್ಳುವ ವರ್ತಕರಿಗೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ.

1930ರ ಸರಕು ಮಾರಾಟ ಕಾಯಿದೆಯ 16ನೇ ಪ್ರಕರಣದ ಸಾಮಾನ್ಯ ನಿಯಮದಂತೆ ಸರಕಿನ ಗುಣಮಟ್ಟದ ಬಗ್ಗೆ ಅಧ್ಯಾಹೃತ ಭರವಸೆ ಇರುವುದಿಲ್ಲ. ಅದೇ ಬಗೆಯ ಸರಕಿನ ವ್ಯಾಪಾರ ನಡೆಸುವವರ ಮೇಲೆ ಕಾಯಿದೆ ಕೆಲವು ಹೊಣೆಗಳನ್ನು ಹೊರಿಸಿದೆಯೇ ಹೊರತು ನಿವೃತ್ತ ನೌಕರರೊಬ್ಬರು ಮಾರುವ ಸ್ವಂತ ಕಾರಿಗೆ ಅವು ಅನ್ವಯಿಸುವುದಿಲ್ಲ. ಕೊಳ್ಳುವವರೇ ಎಚ್ಚರ ವಹಿಸತಕ್ಕದ್ದೆಂಬ ಹಳೆಯ ಸೂತ್ರ ಇಲ್ಲಿ ಇನ್ನೂ ಜೀವಂತವಾಗಿದೆ.

1872ರ ಭಾರತೀಯ ಕರಾರು ಕಾಯಿದೆಯ 17ನೇ ಪ್ರಕರಣ ಇನ್ನೂ ಸ್ಪಷ್ಟವಾಗಿದೆ. ಅದರಲ್ಲಿರುವ ಉದಾಹರಣೆ ಕುದುರೆಯದು. ರೋಗವಿರುವ ಕುದುರೆಯನ್ನು ಒಬ್ಬನು ಹರಾಜಿನಲ್ಲಿ ಮಾರುತ್ತಾನೆ. ರೋಗದ ವಿಷಯ ಅವನಿಗೆ ಗೊತ್ತಿದ್ದರೂ ಏನೂ ಹೇಳುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಇದು ವಂಚನೆಯಾಗದು. ಆದರೆ ಕೊಳ್ಳುವವನು ‘ನೀನು ಅಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆ ಎಂದೇ ತಿಳಿಯುತ್ತೇನೆ’ ಎಂದು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮಾನವಾಗುತ್ತದೆ. ಕುದುರೆಯ ಜಾಗದಲ್ಲಿ ಕಾರನ್ನು ಇಟ್ಟು ನೋಡಿದರೆ ಇಂದಿನ ಖರೀದಿದಾರರಿಗೆ ಬೇಕಾದ ಬುದ್ಧಿವಾದವೆಲ್ಲ ಅದರಲ್ಲಿದೆ: ಕೇಳದಿದ್ದರೆ ಹೇಳುವ ಹೊಣೆ ಮಾರುವವರ ಮೇಲಿಲ್ಲ.

ಕೇಳಿದರಷ್ಟೇ ಸಾಲದು. ಅದೇ ಕಾಯಿದೆಯ 19ನೇ ಪ್ರಕರಣದ ವಿನಾಯಿತಿಯ ಪ್ರಕಾರ, ಸಾಮಾನ್ಯ ಜಾಗರೂಕತೆಯಿಂದ ಸತ್ಯ ತಿಳಿದುಕೊಳ್ಳುವ ಅವಕಾಶ ಕೊಳ್ಳುವವರಿಗೆ ಇದ್ದಲ್ಲಿ ತಪ್ಪು ನಿರೂಪಣೆ ಅಥವಾ ವಂಚನೆಯ ಮೌನದ ಕಾರಣಕ್ಕೆ ಕರಾರನ್ನು ರದ್ದುಪಡಿಸಲು ಬಾರದು. ಮೆಕ್ಯಾನಿಕ್ ಒಬ್ಬರು ಅರ್ಧ ಗಂಟೆಯಲ್ಲಿ ಕಂಡುಹಿಡಿಯಬಹುದಾಗಿದ್ದ ದೋಷವನ್ನು ಆಮೇಲೆ ನ್ಯಾಯಾಲಯದಲ್ಲಿ ಎತ್ತಿದರೆ ಎದುರಾಗುವ ಮೊದಲ ಪ್ರಶ್ನೆ, ‘ಆಗಲೇ ಏಕೆ ನೋಡಲಿಲ್ಲ?’ ಎಂಬುದೇ. ಮಾರುವವರು ತಿಳಿದೂ ತಿಳಿದೂ ಸುಳ್ಳು ಹೇಳಿದ್ದರೆ ಮಾತ್ರ ಈ ವಿನಾಯಿತಿ ಅವರ ನೆರವಿಗೆ ಬಾರದು. ಆದರೆ ಆ ಸುಳ್ಳಿಗೆ ಲಿಖಿತ ಆಧಾರ ಬೇಕಾಗುತ್ತದೆ.

ಆದ್ದರಿಂದ ಕೊಳ್ಳುವವರು ಮಾಡಬೇಕಾದ ಕೆಲಸ ಎರಡು. ಕಾರನ್ನು ಪರೀಕ್ಷೆ ಮಾಡಿಸುವುದು ಒಂದು. ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ ಉತ್ತರವನ್ನು ಬರಹದಲ್ಲೇ ಪಡೆಯುವುದು ಇನ್ನೊಂದು. ಅಪಘಾತವಾಗಿತ್ತೇ? ನೀರಿನಲ್ಲಿ ಮುಳುಗಿತ್ತೇ? ಹಳದಿ ಫಲಕದಲ್ಲಿ ಓಡಿತ್ತೇ? ಎಂಜಿನ್ ಬಿಚ್ಚಲಾಗಿತ್ತೇ? ಮೀಟರ್ ಬದಲಾಯಿಸಲಾಗಿದೆಯೇ? ಸಾಲ ಬಾಕಿ ಇದೆಯೇ? ವಿಮೆಯ ಪರಿಹಾರ ಪಡೆದದ್ದುಂಟೇ? ಈ ಏಳು ಪ್ರಶ್ನೆಗಳನ್ನು ಮೊಬೈಲ್ ಸಂದೇಶದಲ್ಲಿ ಕಳುಹಿಸಿ ಉತ್ತರವನ್ನು ಉಳಿಸಿಟ್ಟುಕೊಂಡರೂ ಸಾಕು. ಪ್ರಾಮಾಣಿಕವಾಗಿ ಮಾರುವವರಿಗೆ ಇದರಿಂದ ಯಾವ ಬೇಸರವೂ ಆಗಬೇಕಾಗಿಲ್ಲ.

ಮಾರುವವರು ಯಾರು?

ಕಾರಿನ ಬಾನೆಟ್ ಎತ್ತುವ ಮೊದಲು ಆರ್.ಸಿ. ನೋಡುವುದು ಲೇಸು. ಪರಿವಹನ ಇಲಾಖೆಯ ವಾಹನ್ ಜಾಲತಾಣದಲ್ಲಿ ಅಥವಾ ಎಂ-ಪರಿವಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ನೋಂದಣಿ ದಿನಾಂಕ, ಇಂಧನ, ವಿಮೆಯ ಅವಧಿ, ಸಾಲದ ನಮೂದು ಮೊದಲಾದವು ತಿಳಿಯುತ್ತವೆ. ಕಳುವಾದ ವಾಹನವೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ‘ವಾಹನ ಸಮನ್ವಯ’ ವ್ಯವಸ್ಥೆಯಲ್ಲಿ ಪರಿಶೀಲಿಸಬಹುದು. ಸಂಚಾರ ನಿಯಮ ಉಲ್ಲಂಘನೆಯ ದಂಡ ಬಾಕಿ ಇದ್ದರೆ ಅದನ್ನೂ ಮೊದಲೇ ನೋಡಿಕೊಳ್ಳಬೇಕು.

ಆರ್.ಸಿ.ಯಲ್ಲಿರುವ ಹೆಸರು ಮಾರುವವರದೇ ಆಗಿರಬೇಕು. ತಂದೆ ತೀರಿಕೊಂಡ ಬಳಿಕ ಮಗ ಬೆಂಗಳೂರಿನಿಂದ ಬಂದು ಕಾರು ಮಾರುವ ಸಂದರ್ಭದಲ್ಲಿ ನಮೂನೆ 31ರ ಮೂಲಕ ಮೊದಲು ವಾರಸುದಾರರ ಹೆಸರಿಗೆ ವರ್ಗವಾಗಬೇಕು. ಉಳಿದ ವಾರಸುದಾರರ ಒಪ್ಪಿಗೆಯೂ ಇರಬೇಕು. ಸಾಲವಿದ್ದ ಕಾರಾದರೆ ಬ್ಯಾಂಕಿನ ಬಾಕಿಯಿಲ್ಲದ ಪತ್ರವೊಂದೇ ಸಾಲದು. ನಮೂನೆ 35 ಸಲ್ಲಿಕೆಯಾಗಿ ಆರ್.ಸಿ.ಯಿಂದ ಸಾಲದ ನಮೂದು ತೆಗೆದಿರಬೇಕು.

‘ಖಾಸಗಿ ಮಾರಾಟ’ ಎಂದು ಹೇಳಿಕೊಂಡು ದಲ್ಲಾಳಿಗಳೇ ಮಾರುವುದೂ ಉಂಟು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರಿನಲ್ಲಿ ಮಾಡಿದ ತಿದ್ದುಪಡಿಯಂತೆ, 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯತಕ್ಕದ್ದು. ಒಬ್ಬರೇ ವರ್ಷದಲ್ಲಿ ಹಲವು ಕಾರು ಮಾರುತ್ತಿದ್ದರೆ ಆ ಪತ್ರವನ್ನು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲೆಯೇ ಓದಿ ಆರ್.ಸಿ.ಯೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಬೇಕು. ಸಂಖ್ಯೆ ಕೊರೆದ ಜಾಗದ ಲೋಹ ಉಜ್ಜಿದಂತೆಯೋ ಬೆಸುಗೆ ಹಾಕಿದಂತೆಯೋ ಕಂಡರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ. 2019ರ ಏಪ್ರಿಲ್ 1ಕ್ಕಿಂತ ಹಿಂದಿನ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಅಳವಡಿಸಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಫಲಕವಿಲ್ಲದ ಕಾರಾದರೆ ಅದನ್ನು ಹಾಕಿಸಿಕೊಡುವ ಹೊಣೆ ಮಾರುವವರದೆಂದು ಮೊದಲೇ ಮಾತಾಡಿಕೊಳ್ಳಬೇಕು.

ಎಂಜಿನ್ ತಣ್ಣಗಿರುವಾಗ

ಪರೀಕ್ಷೆಗೆ ಸೂಕ್ತ ಸಮಯ ಬೆಳಿಗ್ಗೆ, ಮಾರುವವರ ಮನೆಯ ಮುಂದೆ, ಎಂಜಿನ್ ತಣ್ಣಗಿರುವಾಗ. ‘ನೀವು ಬರುವುದರೊಳಗೆ ಸ್ಟಾರ್ಟ್ ಮಾಡಬೇಡಿ’ ಎಂದು ಮುಂಚಿತವಾಗಿ ತಿಳಿಸಿರಬೇಕು. ಹೋದಾಗ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುವುದೇ ಮೇಲು. ಬ್ಯಾಟರಿಯ ದೌರ್ಬಲ್ಯ, ಸ್ಟಾರ್ಟ್ ಆಗುವಾಗಿನ ತೊಂದರೆ, ಮೊದಲ ಕ್ಷಣಗಳ ಹೊಗೆ ಮತ್ತು ಸದ್ದು ಇವೆಲ್ಲ ಬಿಸಿ ಎಂಜಿನ್ನಿನಲ್ಲಿ ಅಡಗಿಹೋಗುತ್ತವೆ.

ಹೊಗೆಯ ಬಣ್ಣದಿಂದ ಬಹಳಷ್ಟು ತಿಳಿಯುತ್ತದೆ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನೂ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಕೂಲಂಟ್ ಒಳಗೆ ಸೇರುತ್ತಿರುವುದನ್ನೂ, ಕಪ್ಪು ಹೊಗೆ ಇಂಧನ ಸರಿಯಾಗಿ ಉರಿಯದಿರುವುದನ್ನೂ ಸೂಚಿಸುತ್ತದೆ. ಆಯಿಲ್ ಮುಚ್ಚಳದ ಒಳಭಾಗದಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಬೇಕು.

ರೇಡಿಯೇಟರನ್ನು ಈ ಜಿಲ್ಲೆಯಲ್ಲಿ ವಿಶೇಷವಾಗಿ ನೋಡಬೇಕು. ಕೋಲಾರ ಜಿಲ್ಲೆಯ ಕೊಳವೆ ಬಾವಿಗಳ ನೀರು ಗಡುಸು. ಕೂಲಂಟ್ ಬದಲು ಇದೇ ನೀರನ್ನು ವರ್ಷಗಟ್ಟಲೆ ತುಂಬಿದ ಕಾರಿನಲ್ಲಿ ಸುಣ್ಣದಂತಹ ಹೆಪ್ಪು ಕಟ್ಟಿ ಸಣ್ಣ ಕೊಳವೆಗಳು ಮುಚ್ಚಿಹೋಗುತ್ತವೆ, ಎಂಜಿನ್ ಕಾಯತೊಡಗುತ್ತದೆ. ಎಂಜಿನ್ ತಣ್ಣಗಿರುವಾಗಲೇ ಕೂಲಂಟ್ ತೊಟ್ಟಿ ನೋಡಿದರೆ ಒಳಗಿನ ದ್ರವ ಬಣ್ಣದ್ದೇ, ಬರಿಯ ನೀರೇ, ತುಕ್ಕಿನ ಕಂದು ನೀರೇ ಎಂಬುದು ತಿಳಿಯುತ್ತದೆ. ಎಂಜಿನ್ ಬಿಸಿಯಾಗಿರುವಾಗ ಯಾವ ಕಾರಣಕ್ಕೂ ಮುಚ್ಚಳ ತೆಗೆಯಬಾರದು.

ಗಾಳಿಯ ಫಿಲ್ಟರನ್ನೂ ತೆಗೆದು ನೋಡತಕ್ಕದ್ದು. ಗಣಿಯ ಸೈನೈಡ್ ದಿಬ್ಬಗಳಿಂದ ಗಾಳಿಯ ಕಾಲದಲ್ಲಿ ಏಳುವ ನುಣುಪಾದ ಧೂಳು ಏನೆಂಬುದು ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಸುತ್ತಲಿನವರಿಗೆ ತಿಳಿದೇ ಇದೆ. ಫಿಲ್ಟರ್ ಕಡೆಗೆ ಗಮನ ಕೊಡದ ಯಜಮಾನರು ಇತರ ನಿರ್ವಹಣೆಯನ್ನೂ ಕಡೆಗಣಿಸಿರುವ ಸಂಭವವಿದೆ.

2013ರ ನಂತರದ ಕಾರುಗಳಲ್ಲಿ ಎಂಜಿನ್ ಗಣಕಕ್ಕೆ ಸ್ಕ್ಯಾನರ್ ಜೋಡಿಸಿ ದೋಷ ಸಂಕೇತಗಳನ್ನು ಓದಿಸಬಹುದು. ಸಂಕೇತಗಳೇ ಇಲ್ಲವೆಂದ ಮಾತ್ರಕ್ಕೆ ನಿರಾಳವಾಗಬಾರದು. ಹಿಂದಿನ ದಿನವೇ ಅವನ್ನು ಅಳಿಸಿದ್ದರೆ ಒಳಗಿನ ಸ್ವಯಂ ಪರೀಕ್ಷೆಗಳು ‘ಇನ್ನೂ ಪೂರ್ಣಗೊಂಡಿಲ್ಲ’ ಎಂದು ತೋರಿಸುತ್ತವೆ; ಅನುಭವಸ್ಥ ಮೆಕ್ಯಾನಿಕ್ ಇದನ್ನು ಗುರುತಿಸಬಲ್ಲರು. ದಿಕ್ಕು ತೋರಿಸುವ ಇನ್ನೊಂದು ಗುರುತು ಏರ್‌ಬ್ಯಾಗ್ ದೀಪ. ಕೀಲಿ ತಿರುಗಿಸಿದೊಡನೆ ಅದು ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಹೊತ್ತದೆಯೇ ಇದ್ದರೆ ಅಪಘಾತದ ನಂತರ ಏರ್‌ಬ್ಯಾಗ್ ಹಾಕಿಸದೆ ದೀಪವನ್ನೇ ಕತ್ತರಿಸಿರಬಹುದು.

ಹೊರಮೈ ಮತ್ತು ನೀರಿನ ಗುರುತು

ಬಾಗಿಲು, ಬಾನೆಟ್ ಮತ್ತು ಡಿಕ್ಕಿಯ ಸಂದುಗಳು ಎರಡೂ ಬದಿಯಲ್ಲಿ ಒಂದೇ ಸಮನಾಗಿರಬೇಕು. ಟಿಂಕರಿಂಗ್ ಮಾಡಿ ಪುಟ್ಟಿ ತುಂಬಿದ ಜಾಗಕ್ಕೆ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಗಟ್ಟಿಯಾಗಿ ಹಿಡಿಯದು. ಬಾನೆಟ್ ಮತ್ತು ಮಡ್‌ಗಾರ್ಡ್‌ಗಳ ಬೋಲ್ಟ್ ತಲೆಯ ಮೇಲೆ ಸ್ಪ್ಯಾನರ್ ಹಾಕಿದ ಗಾಯವಿದ್ದರೆ ಅವನ್ನು ಒಮ್ಮೆಯಾದರೂ ಬಿಚ್ಚಲಾಗಿದೆ. ಸಣ್ಣಪುಟ್ಟ ಗೀರು, ಒಂದು ಬಾಗಿಲಿನ ಬಣ್ಣ ಇವು ದೋಷವೆನ್ನುವಂಥವಲ್ಲ. ಬಾನೆಟ್ ಕೆಳಗಿನ ಮುಂಭಾಗದ ಉದ್ದ ತೊಲೆಗಳು, ಕಂಬಗಳು, ಡಿಕ್ಕಿಯ ತಳ ಇವುಗಳಲ್ಲಿ ಬೆಸುಗೆ ಅಥವಾ ಸುಕ್ಕು ಕಂಡರೆ ಆ ಕಾರಿನ ಬಲವೇ ಕುಂದಿದೆಯೆಂದು ತಿಳಿಯಬೇಕು.

ಕೆ.ಜಿ.ಎಫ್. ಪ್ರದೇಶ ಬೆಂಗಳೂರು ಮತ್ತು ಚೆನ್ನೈ ನಗರಗಳ ನಡುವೆ ಇದೆ; ಎರಡು ಕಡೆಯ ಕಾರುಗಳೂ ಇಲ್ಲಿಗೆ ಬರುತ್ತವೆ. 2015ರ ಡಿಸೆಂಬರಿನಲ್ಲಿಯೂ 2023ರ ಡಿಸೆಂಬರಿನಲ್ಲಿಯೂ ಚೆನ್ನೈ ನೀರಿನಲ್ಲಿ ನಿಂತಿತು; 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಕಾರುಗಳು ಮುಳುಗಿದವು. ಇಂತಹ ಕಾರಿನಲ್ಲಿ ತಂತಿ ಜೋಡಣೆಗಳು ಕ್ರಮೇಣ ತುಕ್ಕು ಹಿಡಿದು ತಿಂಗಳುಗಳ ನಂತರ ತೊಂದರೆ ಕೊಡುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಕಾಣಬಹುದು. ಸೀಟಿನ ಹಳಿಗಳ ತುಕ್ಕು, ಮ್ಯಾಟಿನ ಅಡಿಯ ತೇವ, ಸ್ಟೆಪ್ನಿ ಗುಂಡಿಯಲ್ಲಿನ ಮಣ್ಣು, ಹೆಡ್‌ಲೈಟಿನ ಒಳಗಿನ ಮಂಜು, ಮುಗ್ಗಲು ವಾಸನೆಯನ್ನು ಮರೆಸಲು ಹೊಡೆದ ಗಾಢ ಸುಗಂಧ ಇವೆಲ್ಲ ಸಂಶಯಕ್ಕೆ ಎಡೆ ಕೊಡುತ್ತವೆ.

ಕಿಲೋಮೀಟರಿನ ಲೆಕ್ಕ

ಮೀಟರ್ ತೋರಿಸುವ ಸಂಖ್ಯೆಯನ್ನು ಇತರ ಸಾಕ್ಷ್ಯಗಳೊಂದಿಗೆ ತೂಗಿ ನೋಡಬೇಕು. ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಪ್ರತಿ ಸರ್ವೀಸಿನ ದಿನಾಂಕ ಮತ್ತು ಕಿಲೋಮೀಟರ್ ದಾಖಲಾಗಿರುತ್ತದೆ. ಮಾರುವವರ ಮೂಲಕವೇ ಅದನ್ನು ತರಿಸಿಕೊಳ್ಳಬಹುದು. ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ ಆ ಟೈರು 2019ರ 23ನೇ ವಾರದಲ್ಲಿ ತಯಾರಾದುದು. ಇಪ್ಪತ್ತೈದು ಸಾವಿರ ಕಿಲೋಮೀಟರ್ ಮಾತ್ರ ಓಡಿದೆಯೆನ್ನುವ ಕಾರಿಗೆ ನಾಲ್ಕೂ ಟೈರು ಬದಲಾಗಿದ್ದರೆ ಕಾರಣ ಕೇಳಬೇಕು. ಬ್ರೇಕ್ ಮತ್ತು ಕ್ಲಚ್ ಪೆಡಲಿನ ರಬ್ಬರ್, ಸ್ಟಿಯರಿಂಗಿನ ಹೊದಿಕೆ, ಚಾಲಕನ ಸೀಟಿನ ಅಂಚು ಇವುಗಳ ಸವೆತ ಮೀಟರಿನ ಸಂಖ್ಯೆಗೆ ಹೊಂದಬೇಕು.

ಮಾರುವವರ ಜೀವನಕ್ರಮವೂ ಲೆಕ್ಕಕ್ಕೆ ಬರುತ್ತದೆ. ಕೆ.ಜಿ.ಎಫ್.ನಿಂದ ಬೆಂಗಳೂರಿಗೆ ಹೋಗಿಬರಲು ಸುಮಾರು 200 ಕಿಲೋಮೀಟರ್. ವಾರಕ್ಕೆ ಐದು ದಿನದಂತೆ ವರ್ಷಕ್ಕೆ 50 ವಾರ ಕಾರಿನಲ್ಲೇ ಓಡಾಡಿದವರ ಮೀಟರ್ ವರ್ಷಕ್ಕೆ 50,000 ಕಿಲೋಮೀಟರ್ ತೋರಿಸಬೇಕು. ಐದು ವರ್ಷದ ಬಳಿಕ ಅದೇ ಕಾರು 60,000 ತೋರಿಸಿದರೆ ಲೆಕ್ಕ ತಾಳೆಯಾಗದು. ರೈಲಿನಲ್ಲಿ ಓಡಾಡುವವರ ಕಾರು ಕಡಿಮೆ ಓಡಿರುವುದು ನಿಜವೇ ಇರಬಹುದು. ಆದರೆ ನಿಂತ ಕಾರಿಗೂ ವಯಸ್ಸಾಗುತ್ತದೆ: ಟೈರು ಗಡುಸಾಗಿ ಬಿರುಕು ಬಿಡುತ್ತದೆ, ಬ್ಯಾಟರಿ ಸಾಯುತ್ತದೆ, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ, ತಂತಿಗಳನ್ನು ಇಲಿ ಕಡಿಯುತ್ತದೆ. 2020ರ ಏಪ್ರಿಲ್ ನಂತರದ ಬಿ.ಎಸ್.-6 ಡೀಸೆಲ್ ಕಾರುಗಳನ್ನು ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಗೆ ಹೋಗಿಬರುವಷ್ಟೇ ಬಳಸಿದ್ದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುವ ಸಂಭವ ಹೆಚ್ಚು. ಅದು ದುಬಾರಿ ಭಾಗ.

ರಸ್ತೆಯ ಮೇಲೆ

ಪೇಟೆಯೊಳಗೆ ಒಂದು ಸುತ್ತು ಹೊಡೆದರೆ ಪರೀಕ್ಷೆಯಾಗದು. ಉರಗಾಂ, ಚಾಂಪಿಯನ್ ರೀಫ್ಸ್ ಕಡೆಯ ಏರಿಳಿತದ ರಸ್ತೆಯಲ್ಲಿ ಕ್ಲಚ್ ಮತ್ತು ಸಸ್ಪೆನ್ಷನ್, ಬಂಗಾರಪೇಟೆಯ ದಾರಿಯಲ್ಲಿ ಗೇರು ಮತ್ತು ಸ್ಟಿಯರಿಂಗ್, ಕೋಲಾರದ ಬಳಿಯ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ವೇಗದ ನಡಿಗೆ ಹೀಗೆ ಕನಿಷ್ಠ ಅರ್ಧ ಗಂಟೆಯಾದರೂ ಓಡಿಸಬೇಕು. ಏರಿನಲ್ಲಿ ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಹಿಂದೆ ಮುಂದೆ ವಾಹನವಿಲ್ಲದ ಜಾಗದಲ್ಲಿ ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯಬಾರದು. ಕಿಟಕಿ ಮುಚ್ಚಿ, ರೇಡಿಯೋ ನಿಲ್ಲಿಸಿ ಓಡಿಸಿದರೆ ಬೇರಿಂಗಿನ ಗುಂಯ್‌ಗುಟ್ಟುವಿಕೆ ಕೇಳಿಸುತ್ತದೆ. ಎ.ಸಿ. ಹಾಕಿ ಹತ್ತು ನಿಮಿಷ ನಿಲ್ಲಿಸಿದಾಗ ತಾಪದ ಮುಳ್ಳು ಏರುತ್ತಿದ್ದರೆ ರೇಡಿಯೇಟರಿನ ಮೇಲಿನ ಸಂಶಯ ದೃಢವಾಗುತ್ತದೆ. ಓಡಿಸಿ ಬಂದ ಮೇಲೆ ಗ್ಯಾರೇಜಿನ ಪಿಟ್ ಅಥವಾ ಲಿಫ್ಟ್ ಮೇಲೆ ನಿಲ್ಲಿಸಿ ಕೆಳಗಿನಿಂದ ಆಯಿಲ್ ಸೋರಿಕೆ, ತುಕ್ಕು, ಸೈಲೆನ್ಸರ್, ಆಕ್ಸಲಿನ ರಬ್ಬರ್ ಚೀಲಗಳನ್ನು ನೋಡಬೇಕು.

ಈ ಓಡಾಟಕ್ಕೆ ಮೊದಲು ಕಾರಿಗೆ ಚಾಲ್ತಿಯಲ್ಲಿರುವ ವಿಮೆ ಇದೆಯೆಂದು ಖಚಿತಪಡಿಸಿಕೊಳ್ಳಬೇಕು. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಮೂರನೇ ವ್ಯಕ್ತಿ ವಿಮೆ ಕಡ್ಡಾಯವಾಗಿರುವುದರಿಂದ, ಆ ಭಾಗ ಚಾಲ್ತಿಯಲ್ಲಿದ್ದು ಸ್ವಂತ ಹಾನಿಯ ಭಾಗ ಮುಗಿದುಹೋಗಿರುವುದೂ ಉಂಟು. ಎರಡರ ದಿನಾಂಕವನ್ನೂ ಬೇರೆ ಬೇರೆಯಾಗಿ ನೋಡಬೇಕು.

ಪರೀಕ್ಷಕರನ್ನು ಆರಿಸುವ ಬಗೆ

ಪರೀಕ್ಷೆ ಮಾಡುವವರಿಗೆ ಮಾರಾಟ ಕುದುರುವುದರಲ್ಲಿ ಯಾವ ಲಾಭವೂ ಇರಬಾರದು. ಮಾರುವವರ ಮಾಮೂಲಿ ಮೆಕ್ಯಾನಿಕ್, ದಲ್ಲಾಳಿ ಕರೆತಂದವರು, ಕಮಿಷನ್ ಮೇಲೆ ದುಡಿಯುವವರು ಇವರಿಂದ ನಿಷ್ಪಕ್ಷಪಾತ ವರದಿ ನಿರೀಕ್ಷಿಸುವುದು ಕಷ್ಟ. ಕೊಳ್ಳುವವರೇ ಆರಿಸಿದ ಗ್ಯಾರೇಜಿಗೆ ಅಥವಾ ಆ ಕಂಪನಿಯ ಸರ್ವೀಸ್ ಕೇಂದ್ರಕ್ಕೆ ಒಯ್ದು, ಕಾರು ಕೊಂಡರೂ ಬಿಟ್ಟರೂ ಅಷ್ಟೇ ಎಂದು ಗೊತ್ತುಪಡಿಸಿದ ಶುಲ್ಕ ಕೊಟ್ಟು, ಕಂಡದ್ದನ್ನು ಕಾಗದದ ಮೇಲೆ ಬರೆಸಿಕೊಳ್ಳುವುದು ಸರಿಯಾದ ದಾರಿ. ಬೆಮೆಲ್ ಕಾರ್ಖಾನೆಯೂ ಗಣಿಯ ವರ್ಕ್‌ಶಾಪ್‌ಗಳೂ ಈ ಊರಿಗೆ ಯಂತ್ರ ಬಲ್ಲ ಕೈಗಳನ್ನು ಕೊಟ್ಟಿವೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯುತ್ತಿದ್ದ ಗಣಿಯಲ್ಲಿ ತೊಟ್ಟಿಲಿನ ಹಗ್ಗವನ್ನು ಪರೀಕ್ಷಿಸುತ್ತಿದ್ದ ಶಿಸ್ತು ಇಲ್ಲಿ ಹೊಸದೂ ಅಲ್ಲ.

ಪರೀಕ್ಷೆಗೆ ಕಾರು ಕೊಡಲು ಮಾರುವವರು ಒಪ್ಪದಿದ್ದರೆ ಅದನ್ನೇ ಉತ್ತರವೆಂದು ತಿಳಿಯಬಹುದು. ಪರೀಕ್ಷೆಯಾಗಿ ಕಾರು ಬೇಡವೆನಿಸಿದಾಗ ಕೊಟ್ಟ ಶುಲ್ಕವನ್ನು ನಷ್ಟವೆಂದು ಭಾವಿಸಬೇಕಾಗಿಲ್ಲ. ದೊಡ್ಡ ನಷ್ಟವನ್ನು ತಪ್ಪಿಸಿದ ಸಣ್ಣ ವೆಚ್ಚವದು.

ವರದಿಯಿಂದ ದರಕ್ಕೆ

ವರದಿಯಲ್ಲಿನ ದೋಷಗಳನ್ನು ಮೂರು ಭಾಗ ಮಾಡಬಹುದು. ಸಂಖ್ಯೆ ತಿದ್ದಿದ್ದು, ತೊಲೆ ಬಾಗಿದ್ದು, ನೀರಿನಲ್ಲಿ ಮುಳುಗಿದ್ದು, ದಾಖಲೆ ತಾಳೆಯಾಗದ್ದು ಇಂತಹ ಕಾರನ್ನು ಯಾವ ಬೆಲೆಗೂ ಕೊಳ್ಳಬಾರದು. ಟೈರು, ಕ್ಲಚ್, ಬ್ಯಾಟರಿ, ರೇಡಿಯೇಟರ್ ಮೊದಲಾದ ದುರಸ್ತಿಯ ಬಾಬ್ತುಗಳಿಗೆ ಗ್ಯಾರೇಜಿನಿಂದ ಅಂದಾಜು ಪಟ್ಟಿ ಪಡೆದು ಬೆಲೆಯಲ್ಲಿ ಕಳೆಯಬೇಕು. ಗೀರು, ಮಾಸಿದ ಸೀಟು ಇವನ್ನು ಹೊಟ್ಟೆಗೆ ಹಾಕಿಕೊಳ್ಳಬಹುದು. ನಾಲ್ಕು ಲಕ್ಷ ಕೇಳಿದ ಕಾರಿಗೆ 45 ಸಾವಿರ ರೂಪಾಯಿ ದುರಸ್ತಿ ಬೇಕೆಂದು ಇಟ್ಟುಕೊಂಡರೆ, ಬರಹದ ಪಟ್ಟಿಯನ್ನು ಮುಂದಿಟ್ಟು ಮಾತಾಡುವವರ ಮಾತಿಗೆ ತೂಕವಿರುತ್ತದೆ.

ಹೊಸ ಕಾರಿನ ಇಂದಿನ ದರವನ್ನೂ ವಿಚಾರಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದು ಸೆಸ್ ಕೂಡ ರದ್ದಾಯಿತು. ಅದಕ್ಕೆ ಮೊದಲು ತಾವು ಕೊಟ್ಟ ಬೆಲೆಯನ್ನೇ ಆಧಾರ ಮಾಡಿಕೊಂಡು ದರ ಹೇಳುವವರಿಗೆ ಇದನ್ನು ನೆನಪಿಸಬಹುದು. 15 ವರ್ಷ ಸಮೀಪಿಸಿದ ಕಾರಾದರೆ ನೋಂದಣಿ ನವೀಕರಣದ ವೆಚ್ಚವನ್ನೂ ಸೇರಿಸಬೇಕು. ಕಾರುಗಳ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಲಾಯಿತು. ಹೊರರಾಜ್ಯದ ಕಾರಿಗೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು. ಕರ್ನಾಟಕದಲ್ಲಿ ಕಾರಿನ ವಯಸ್ಸಿಗೆ ಅನುಗುಣವಾದ ಜೀವಾವಧಿ ತೆರಿಗೆ ಕಟ್ಟಬೇಕು. ಇದನ್ನು ಕೂಡಿಸಿದ ಮೇಲೂ ಗಡಿಯಾಚೆಯ ಕಾರು ಅಗ್ಗವೇ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಪಾವತಿ ಬ್ಯಾಂಕಿನ ಮೂಲಕವೇ ಆಗಲಿ. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಕಾರನ್ನು ವ್ಯಾಪಾರದ ಆಸ್ತಿಯಾಗಿ ತೋರಿಸಿ ಸವಕಳಿ ಪಡೆಯುವವರಿಗೆ ನಗದು ಪಾವತಿಯಿಂದ ಆ ಅನುಕೂಲವೂ ಕೈತಪ್ಪುತ್ತದೆ. ನೋಂದಣಿ ಇಲ್ಲದ ಖಾಸಗಿ ವ್ಯಕ್ತಿಯ ಮಾರಾಟಕ್ಕೆ ಜಿ.ಎಸ್.ಟಿ. ಇಲ್ಲ. ಜಿ.ಎಸ್.ಟಿ. ನೋಂದಣಿಯಿರುವ ವರ್ತಕರು ತಮ್ಮ ವ್ಯಾಪಾರದ ಹಳೆಯ ಕಾರು ಮಾರಿದರೆ 2025ರ ಜನವರಿಯಿಂದ ಲಾಭಾಂಶದ ಮೇಲೆ ಶೇ. 18 ತೆರಿಗೆಯಿದೆ, ಸವಕಳಿ ಪಡೆದಿದ್ದಲ್ಲಿ ಸವಕಳಿ ಕಳೆದ ಮೌಲ್ಯಕ್ಕಿಂತ ಹೆಚ್ಚಿಗೆ ಬಂದ ಮೊತ್ತವೇ ಲಾಭಾಂಶ.

ಹೆಸರು ಬದಲಾಗುವವರೆಗೆ

ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿ, ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟು ಕಾರು ಒಪ್ಪಿಸುವ ಪದ್ಧತಿ ಎರಡೂ ಕಡೆಯವರಿಗೆ ಅಪಾಯಕರ. ಮೋಟಾರು ವಾಹನ ಕಾಯಿದೆಯ 50ನೇ ಪ್ರಕರಣದಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ವರದಿ ಮಾಡತಕ್ಕದ್ದು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಕಾರು ಹಲವರ ಕೈ ಬದಲಾಗಿದ್ದರೂ ಆರ್.ಸಿ.ಯಲ್ಲಿ ಹೆಸರಿದ್ದವರೇ ಅಪಘಾತ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಹಳೆಯ ಕಾರನ್ನು ಮಾರುವ ವರ್ತಕರೂ ಇದನ್ನು ನೆನಪಿಡಬೇಕು.

ವಿಮೆಯನ್ನೂ 14 ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮೂರನೇ ವ್ಯಕ್ತಿ ವಿಮೆ ಕಾರಿನ ಜೊತೆಗೇ ವರ್ಗವಾದಂತೆ ಕಾನೂನು ಭಾವಿಸುತ್ತದೆ. ಸ್ವಂತ ಹಾನಿಯ ವಿಮೆ ಹಾಗಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿಯೇ ಹೇಳಿದೆ. ಪರಿಹಾರ ಪಡೆಯದಿದ್ದುದಕ್ಕೆ ಸಿಗುವ ರಿಯಾಯಿತಿ ಹಳೆಯ ಯಜಮಾನರದು, ಕಾರಿನದಲ್ಲ. ಕಾರು ಕೈಗೆ ಬಂದ ದಿನಾಂಕ ಮಾತ್ರವಲ್ಲದೆ ಗಂಟೆಯನ್ನೂ ಮೀಟರಿನ ಸಂಖ್ಯೆಯನ್ನೂ ಬರೆದು ಇಬ್ಬರೂ ಸಹಿ ಮಾಡಿದರೆ ಮುಂದೆ ದಂಡದ ಚೀಟಿ ಬಂದಾಗ ವಾದಕ್ಕೆ ಎಡೆಯಿರದು.

ಒಟ್ಟಿನಲ್ಲಿ ಹಳೆಯ ಕಾರು ಕೊಳ್ಳುವುದು ತಪ್ಪಲ್ಲ; ಸಣ್ಣ ಉದ್ದಿಮೆದಾರರಿಗೆ ಅದು ಬಂಡವಾಳ ಉಳಿಸುವ ಜಾಣತನವೂ ಹೌದು. ಪ್ರಶ್ನೆ ಬರಹದಲ್ಲಿರಲಿ, ಪರೀಕ್ಷೆ ತಮ್ಮ ಕಡೆಯವರಿಂದ ಆಗಲಿ, ದಾಖಲೆ ತಾಳೆಯಾಗಲಿ. ಈ ಮೂರೂ ಆಗುವವರೆಗೆ ಮುಂಗಡದ ಹಣ ವರ್ತಕರ ಗಲ್ಲಾಪೆಟ್ಟಿಗೆಯಲ್ಲೇ ಇರುವುದು ಒಳ್ಳೆಯದು.